ಪರೀಕ್ಷೆಯ ಕ್ರಮವೂ ಭಂಡಾರದ ಪ್ರಮಾಣವೂ

ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಪರ್ಯಾಯೋತ್ಸವದ ಸಿದ್ಧತೆಯು ಬಹಳ ಮುಂಚಿತವಾಗಿಯೇ ಆರಂಭವಾಗುವುದೆಂಬುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ ಸರಿ. ಮೊದಲು ಬಾಳೆ ಮುಹೂರ್ತ, ತರುವಾಯ ಅಕ್ಕಿ ಮುಹೂರ್ತ, ಆಮೇಲೆ ಕಟ್ಟಿಗೆ ಮುಹೂರ್ತ, ಕಡೆಗೆ ಭತ್ತದ ಮುಹೂರ್ತ. ಎರಡು ವರ್ಷಗಳ ಅನ್ನಸಂತರ್ಪಣೆಗೆ ಬೇಕಾದ ಸಾಮಗ್ರಿಯನ್ನು ಯಾರೂ ಒಂದೇ ದಿನ ಕೂಡಿಹಾಕುವುದಿಲ್ಲ. ನೆಟ್ಟ ಬಾಳೆ ಬೆಳೆಯಲು ಕಾಲ ಬೇಕು. ಹಸಿ ಕಟ್ಟಿಗೆ ಒಣಗಲು ಬಿಸಿಲು ಬೇಕು. ಭತ್ತದ ಸರದಿಯು ಪರ್ಯಾಯವು ಹತ್ತಿರ ಬಂದಾಗ ಬರುತ್ತದೆ. ಶೇಖರಣೆಗೊಂದು ಕ್ರಮವಿದೆ, ಆ ಕ್ರಮಕ್ಕೊಂದು ಕಾರಣವಿದೆ, ಎಷ್ಟು ಬೇಕೆಂಬುದು ಉಣ್ಣುವವರ ಸಂಖ್ಯೆಯಿಂದ ನಿಶ್ಚಯವಾಗುವುದೇ ಹೊರತು ತರುವವರ ಉತ್ಸಾಹದಿಂದಲ್ಲ.

ಅನ್ನದ ಭಂಡಾರಕ್ಕೆ ಅನ್ವಯಿಸುವ ಈ ವಿವೇಕವು, ಲೋಕದಲ್ಲಿ ಅತ್ಯಂತ ಭಯಂಕರವಾದ ಮತ್ತೊಂದು ಭಂಡಾರಕ್ಕೂ ಅನ್ವಯಿಸಬೇಕೆಂಬುದನ್ನು ನಾವು ಈ ದಿನ ವಾಚಕರ ಮುಂದಿಡಬಯಸುತ್ತೇವೆ. ೨೦೨೩ನೆಯ ನವಂಬರದಲ್ಲಿ ರಷ್ಯವು ಸಮಗ್ರ ಪರೀಕ್ಷಾನಿಷೇಧ ಒಪ್ಪಂದಕ್ಕೆ ತಾನು ಕೊಟ್ಟಿದ್ದ ಅನುಮೋದನೆಯನ್ನು ಹಿಂತೆಗೆದುಕೊಂಡಿತು. ೨೦೨೫ನೆಯ ಅಕ್ಟೋಬರ ೩೦ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪರು, ಇತರರಿಗೆ ಸಮನಾಗಿ ತಾವೂ ಅಣ್ವಸ್ತ್ರಗಳ ಪರೀಕ್ಷೆಯನ್ನು ಆರಂಭಿಸುವುದಾಗಿ ಸಾರಿದರು. ಅಂದಿನಿಂದ ನಮ್ಮ ದೇಶದಲ್ಲಿಯೂ, "ಹಾಗಾದರೆ ನಾವೇಕೆ ಸುಮ್ಮನಿರಬೇಕು?" ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ. ಪರೀಕ್ಷೆ ಬೇಕು ಎನ್ನುವವರೂ ಬೇಡ ಎನ್ನುವವರೂ ಬಹಳ ಮಂದಿ ಇದ್ದಾರೆ. ಆದರೆ ಯಾವ ಪ್ರಶ್ನೆಗೆ ಉತ್ತರವನ್ನು ಪಡೆಯಲಿಕ್ಕಾಗಿ ಪರೀಕ್ಷೆ, ಆ ಉತ್ತರ ದೊರೆತ ಮೇಲೆ ಭಂಡಾರದ ವಿಷಯದಲ್ಲಿ ಬದಲಾಗಬೇಕಾದ ನಿರ್ಣಯವಾವುದು, ಎಂದು ವಿಚಾರಿಸುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಇಡಿಯ ವಿಷಯವು ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿದೆ.

ಕೂಡಿಟ್ಟ ವಸ್ತುಗಳೆಲ್ಲ ಒಂದೇ ಸ್ವಭಾವದವುಗಳಲ್ಲ. ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ ೨೫ ಲಕ್ಷ ಟನ್ನುಗಳಷ್ಟು ಕಚ್ಚಾ ತೈಲವನ್ನು ಆಪತ್ಕಾಲಕ್ಕೆಂದು ತುಂಬಿಡುವ ಏರ್ಪಾಡಿದೆ. ಆ ತೈಲದ ಗುಣವನ್ನು ತಿಳಿಯಬೇಕಾದರೆ ಒಂದು ಪಾತ್ರೆಯಷ್ಟನ್ನು ತೆಗೆದು ನೋಡಿದರೆ ಸಾಕು, ಭಂಡಾರಕ್ಕೆ ಕುಂದಿಲ್ಲ. ಕಾರ್ಕಳದ ಉತ್ಸವಕ್ಕೆ ಗರ್ನಾಲು ಕಟ್ಟುವವನ ಪಾಡು ಬೇರೆ. ಸಿಡಿಸಿ ನೋಡಿದಲ್ಲದೆ ಮದ್ದಿನ ಗುಣ ತಿಳಿಯದು. ಸಿಡಿಸಿದ್ದು ಮರಳಿ ಬಾರದು. ಆದರೂ ನೂರರಲ್ಲಿ ಎರಡನ್ನು ಸಿಡಿಸಿ ಉಳಿದವುಗಳ ವಿಷಯವನ್ನು ಅವನು ಊಹಿಸಬಲ್ಲನು. ಅಣ್ವಸ್ತ್ರದ ಸಂಗತಿಯು ಇವೆರಡಕ್ಕೂ ಮೀರಿದುದು. ಅದರೊಳಗಿನ ಪ್ಲುಟೋನಿಯಮ್ಮು ದುರ್ಲಭವಾದ ದ್ರವ್ಯ. ಒಂದು ಪರೀಕ್ಷೆಯಲ್ಲಿ ಸುಟ್ಟುಹೋದುದು ಭಂಡಾರಕ್ಕೆ ಸೇರಬಹುದಾಗಿದ್ದ ಒಂದು ಅಸ್ತ್ರವೇ. ಅಲ್ಲದೆ ಆ ಸದ್ದು ನೆರೆಯವರಿಗೂ ಕೇಳಿಸುತ್ತದೆ. ಕೇಳಿದವರು ತಮ್ಮ ಭಂಡಾರವನ್ನು ಬೆಳೆಸುತ್ತಾರೆ.

ಹಾಗಾದರೆ ಪರೀಕ್ಷೆಯೊಂದು ಸಾರ್ಥಕವೆಂದು ಹೇಳುವುದು ಹೇಗೆ? ಮಣಿಪಾಲದ ಆಸ್ಪತ್ರೆಗೆ ಹೋಗಿಬಂದ ನಮ್ಮ ಜಿಲ್ಲೆಯ ಜನರಿಗೆ ಇದನ್ನು ವಿವರಿಸಬೇಕಾದುದಿಲ್ಲ. ವಿವೇಕಿಯಾದ ವೈದ್ಯನು ರೋಗಿಗೆ ಇರುವ ಪರೀಕ್ಷೆಗಳನ್ನೆಲ್ಲ ಒಮ್ಮೆಲೇ ಬರೆದುಕೊಡುವುದಿಲ್ಲ. ಯಾವುದರ ಫಲಿತಾಂಶದಿಂದ ಮುಂದಿನ ಅನೇಕ ಪರೀಕ್ಷೆಗಳು ಅನವಶ್ಯಕವಾಗುವುವೋ ಅದನ್ನು ಮೊದಲು ಮಾಡಿಸುತ್ತಾನೆ. ಉತ್ತರವು ಹೀಗೆ ಬಂದರೂ ಹಾಗೆ ಬಂದರೂ ಕೊಡಬೇಕಾದ ಔಷಧವು ಒಂದೇ ಎಂದಾದರೆ ಆ ಪರೀಕ್ಷೆಯನ್ನು ಕೈಬಿಡುತ್ತಾನೆ. ನಿರ್ಣಯವನ್ನು ಬದಲಿಸಲಾರದ ಪರೀಕ್ಷೆಯು ವ್ಯರ್ಥವ್ಯಯ. ಹೆಚ್ಚು ನಿರ್ಣಯಗಳನ್ನು ಬದಲಿಸಬಲ್ಲ ಪರೀಕ್ಷೆಯೇ ಮೊದಲನೆಯದು. ಬದಲಿಸಬೇಕಾದ ನಿರ್ಣಯವು ಉಳಿಯದಾಗ ನಿಲ್ಲಿಸತಕ್ಕದ್ದು. ಅಣ್ವಸ್ತ್ರ ಪರೀಕ್ಷೆಗಳ ಎಂಬತ್ತು ವರ್ಷಗಳ ಚರಿತ್ರೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಭಂಡಾರವು ಲೋಕವು ಊಹಿಸಿದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ೧೯೪೭ರ ಕೊನೆಗೆ ಅದರಲ್ಲಿದ್ದ ಅಣುಬಾಂಬುಗಳು ೧೩ ಮಾತ್ರ. ಅವು ನಾಗಾಸಾಕಿಯ ಮೇಲೆ ಹಾಕಿದ ಬಾಂಬಿನ ಜಾತಿಯವು. ದ್ರವ್ಯವನ್ನು ಬಹಳ ತಿನ್ನುವಂಥವು. ಅದೇ ದ್ರವ್ಯದಿಂದ ಹೆಚ್ಚು ಬಾಂಬುಗಳನ್ನು ಮಾಡಬಹುದೇ ಎಂಬುದು ಅಂದಿನ ಪ್ರಶ್ನೆ. ೧೯೪೮ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಪೆಸಿಫಿಕ್ ಸಮುದ್ರದ ಎನೆವೆಟಾಕ್ ದ್ವೀಪಗಳಲ್ಲಿ 'ಸ್ಯಾಂಡ್‌ಸ್ಟೋನ್' ಎಂಬ ಹೆಸರಿನಿಂದ ಮೂರು ಸ್ಫೋಟಗಳು ಕ್ರಮವಾಗಿ ನಡೆಸಲ್ಪಟ್ಟವು. ಮೊದಲನೆಯದು ೩೭ ಕಿಲೋಟನ್, ಎರಡನೆಯದು ೪೯ ಕಿಲೋಟನ್, ಮೂರನೆಯದು ೧೮ ಕಿಲೋಟನ್ ಶಕ್ತಿಯನ್ನು ತೋರಿಸಿದುವು. ಕಿಲೋಟನ್ ಎಂದರೆ ಸಾವಿರ ಟನ್ನು ಟಿ.ಎನ್.ಟಿ. ಸಿಡಿಮದ್ದಿನ ಬಲ. ಮೂರನೆಯದರ ಸದ್ದು ಎಲ್ಲಕ್ಕಿಂತ ಚಿಕ್ಕದಾದರೂ ಅದರ ಪಾಠ ಚಿಕ್ಕದಲ್ಲ. ಹಿರೋಶಿಮಾದ ಬಾಂಬಿಗೆ ೬೪ ಕಿಲೋಗ್ರಾಮ್ ಯುರೇನಿಯಮ್ಮು ಬೇಕಾಗಿತ್ತು. ಅದಕ್ಕಿಂತ ಬಹಳ ಕಡಿಮೆ ಯುರೇನಿಯಮ್ಮಿನಿಂದ ಅದೇ ಕೆಲಸವಾಗುವುದೆಂದು ಈ ಮೂರನೆಯ ಪರೀಕ್ಷೆಯು ತೋರಿಸಿಕೊಟ್ಟಿತು. ಹಳೆಯ ಮಾದರಿಯ ತಯಾರಿಕೆ ನಿಂತಿತು. ಹೊಸ ಮಾದರಿಯಿಂದ ಭಂಡಾರವು ಬೆಳೆಯಿತು. ಅದು ಲೋಕಕ್ಕೆ ಹಿತವಾಯಿತೆಂದು ನಾವು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೂ ಕೈಗೊಂಡ ನಿರ್ಣಯಕ್ಕೂ ಅಲ್ಲಿ ನೇರವಾದ ಸಂಬಂಧವಿದ್ದಿತೆಂಬುದನ್ನು ಮಾತ್ರ ತೋರಿಸುತ್ತೇವೆ.

ಆರು ವರ್ಷಗಳ ತರುವಾಯದ ಮತ್ತೊಂದು ಮಾಲೆಯಲ್ಲಿ ಕ್ರಮದ ಮಹಿಮೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ೧೯೫೨ರಲ್ಲಿ ಸಿಡಿಸಲ್ಪಟ್ಟ ಮೊದಲನೆಯ ಜಲಜನಕ ಸಾಧನವು ಅತಿಶೀತಲವಾದ ದ್ರವವನ್ನು ಇಂಧನವಾಗಿ ಹೊಂದಿದ್ದು, ವಿಮಾನದಲ್ಲಿ ಒಯ್ಯಲು ಬಾರದಷ್ಟು ದೊಡ್ಡದಾಗಿತ್ತು. ದ್ರವರೂಪದ ಇಂಧನವನ್ನೇ ಉಳಿಸಿಕೊಂಡು ಬಾಂಬು ಮಾಡಬೇಕೆ, ಅಥವಾ ಲಿಥಿಯಮ್ ಸೇರಿದ ಒಣ ಇಂಧನಕ್ಕೆ ಹೋಗಬೇಕೆ ಎಂಬುದು ಮುಂದಿನ ಪ್ರಶ್ನೆ. ಎರಡೂ ಬಗೆಯವು ೧೯೫೪ರ 'ಕ್ಯಾಸಲ್' ಮಾಲೆಯ ಪಟ್ಟಿಯಲ್ಲಿದ್ದುವು. ಮಾರ್ಚಿ ೧ರಂದು ಬಿಕಿನಿ ದ್ವೀಪದಲ್ಲಿ ಒಣ ಇಂಧನದ ಮೊದಲ ಸಾಧನವು ಸಿಡಿಯಿತು. ಅದು ಯಶಸ್ವಿಯಾದ ಕೂಡಲೇ ದ್ರವ ಇಂಧನದ ಬಾಂಬಿಗೆ ಅರ್ಥವುಳಿಯಲಿಲ್ಲ. ಅದರ ಪರೀಕ್ಷೆಯು ಪಟ್ಟಿಯಿಂದ ತೆಗೆದುಹಾಕಲ್ಪಟ್ಟಿತು. ಒಂದು ಉತ್ತರವು ಇನ್ನೊಂದು ಪ್ರಶ್ನೆಯನ್ನೇ ಅಳಿಸಿಬಿಟ್ಟಿತು. ಆದರೆ ಅದೇ ದಿನ ಇನ್ನೊಂದು ಪಾಠವೂ ಆಯಿತು. ಸುಮಾರು ೬ ಮೆಗಾಟನ್ ಎಂದು ಲೆಕ್ಕಹಾಕಿದ್ದ ಸ್ಫೋಟವು ೧೫ ಮೆಗಾಟನ್ನಿಗೆ ಏರಿತು. ವಿಷಧೂಳಿಯು ರೊಂಗೆಲಾಪ್ ದ್ವೀಪವಾಸಿಗಳ ಮೇಲೂ, ಜಪಾನಿನ ಮೀನುಗಾರಿಕೆಯ ಹಡಗೊಂದರ ೨೩ ಮಂದಿ ನಾವಿಕರ ಮೇಲೂ ಸುರಿಯಿತು. ಅವರಲ್ಲಿ ಒಬ್ಬನು ಸೆಪ್ಟೆಂಬರದಲ್ಲಿ ಮೃತನಾದನು. ಪರೀಕ್ಷೆಯ ವೆಚ್ಚವನ್ನು ಲೆಕ್ಕಹಾಕುವವರು ಪರರ ಮೈಮೇಲೆ ಬೀಳುವ ವೆಚ್ಚವನ್ನು ಬಿಟ್ಟುಬಿಡುವರೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಡ. ಒಂದು ತಿಂಗಳ ಮೇಲೆ, ಏಪ್ರಿಲ್ ೨ರಂದು, ಪಂಡಿತ ಜವಾಹರಲಾಲ ನೆಹರೂರವರು ಲೋಕಸಭೆಯಲ್ಲಿ ಎಲ್ಲ ಪರೀಕ್ಷೆಗಳನ್ನೂ ತಡೆಹಿಡಿಯಬೇಕೆಂಬ ಸೂಚನೆಯನ್ನು ಜಗತ್ತಿನ ಮುಂದಿಟ್ಟರು. ಆ ಮಾತನ್ನು ಮೊತ್ತಮೊದಲು ಎತ್ತಿದ ಗೌರವವು ಭಾರತಕ್ಕೆ ಸಲ್ಲತಕ್ಕದ್ದು.

ಪರೀಕ್ಷೆಯನ್ನು ಬಿಟ್ಟವರಿಗೆ ಕಷ್ಟವೇ ಇಲ್ಲವೆಂದು ಹೇಳುವುದೂ ನ್ಯಾಯವಾಗದು. ೧೯೫೮ರ ಕೊನೆಯಿಂದ ೧೯೬೧ರ ಸೆಪ್ಟೆಂಬರದ ವರೆಗೆ ಮಹಾರಾಷ್ಟ್ರಗಳು ಪರೀಕ್ಷೆಯನ್ನು ನಿಲ್ಲಿಸಿದ್ದುವು. ಆ ವಿರಾಮದಲ್ಲಿ ಅಮೆರಿಕದವರು ಒಂದು ಸಿಡಿತಲೆಯ ಸುತ್ತಣ ಸಿಡಿಮದ್ದನ್ನು ಸುರಕ್ಷತೆಗಾಗಿ ಬದಲಿಸಿ, ಸ್ಫೋಟಿಸಿ ನೋಡದೆಯೇ ಭಂಡಾರಕ್ಕೆ ಸೇರಿಸಿದ್ದರು. ಮುಂದೆ ಪರೀಕ್ಷಿಸಿದಾಗ ಅದು ಕೆಲಸಕ್ಕೆ ಬಾರದೆಂದು ತಿಳಿದುಬಂತು. ಪರೀಕ್ಷೆ ಇಲ್ಲದ ಕಾಲದಲ್ಲಿ ಮಾದರಿಯನ್ನು ಬದಲಿಸಕೂಡದು. ಪರೀಕ್ಷಿತವಾದುದನ್ನೇ ಕಾಪಾಡಿಕೊಳ್ಳಬೇಕು ಎಂಬುದು ಇದರ ನೀತಿ. ಅಮೆರಿಕವು ತನ್ನ ಕಡೆಯ ಸ್ಫೋಟವನ್ನು ೧೯೯೨ರ ಸೆಪ್ಟೆಂಬರ ೨೩ರಂದು ನಡೆಸಿದ ಮೇಲೆ ಈ ನೀತಿಯನ್ನೇ ಅನುಸರಿಸಿ, ಗಣಕಯಂತ್ರಗಳಿಂದಲೂ ಪ್ರಯೋಗಶಾಲೆಯ ಪರಿಶೋಧನೆಯಿಂದಲೂ ಭಂಡಾರವನ್ನು ಪರಾಮರ್ಶಿಸುತ್ತ ಬಂದಿದೆ. ಪ್ಲುಟೋನಿಯಮ್ಮು ಹಳೆಯದಾದಂತೆ ಕೆಡುವುದೇ ಎಂಬ ದೊಡ್ಡ ಸಂಶಯಕ್ಕೆ, ಬಹುತೇಕ ಮಾದರಿಗಳು ನೂರು ವರ್ಷಗಳಿಗೂ ಮೇಲ್ಪಟ್ಟು ಬಾಳುವುವೆಂಬ ಉತ್ತರವನ್ನು ಅಲ್ಲಿಯ ಸ್ವತಂತ್ರ ವಿಜ್ಞಾನಿಗಳ ಮಂಡಲಿಯು ೨೦೦೬ರಲ್ಲಿ ಕೊಟ್ಟಿತು. ಒಂದು ಸ್ಫೋಟವೂ ಇಲ್ಲದೆ ದೊರೆತ ಉತ್ತರವದು.

ನಿಲ್ಲಿಸುವುದನ್ನು ಬಲ್ಲವರ ಉದಾಹರಣೆ ಫ್ರಾನ್ಸಿನದು. ೧೯೯೫ರ ಜೂನಿನಲ್ಲಿ ಅಧ್ಯಕ್ಷ ಶಿರಾಕರು ಎಂಟು ಪರೀಕ್ಷೆಗಳ ಮಾಲೆಯನ್ನು ಘೋಷಿಸಿದರು. ಜಲಾಂತರ್ಗಾಮಿಗಳ ಹೊಸ ಸಿಡಿತಲೆಯನ್ನು ದೃಢಪಡಿಸುವುದು ಒಂದು ಉದ್ದೇಶ. ಮುಂದೆಂದೂ ಸ್ಫೋಟದ ಅವಶ್ಯಕತೆ ಬಾರದಂತೆ ಗಣನೆಗೆ ಬೇಕಾದ ಅಂಕಿಗಳನ್ನು ಪಡೆಯುವುದು ಮತ್ತೊಂದು. ಲೋಕವೆಲ್ಲ ಪ್ರತಿಭಟಿಸಿತು; ಅದು ಯುಕ್ತವೇ. ಆದರೆ ೧೯೯೬ರ ಜನವರಿ ೨೭ರಂದು ಆರನೆಯದು ಮುಗಿಯುತ್ತಲೇ ಅವರು ಮಾಲೆಯನ್ನು ನಿಲ್ಲಿಸಿ, ಪೆಸಿಫಿಕಿನಲ್ಲಿದ್ದ ಪರೀಕ್ಷಾಸ್ಥಳವನ್ನೇ ಕಿತ್ತುಹಾಕಿದರು. ಘೋಷಿಸಿದ್ದು ಎಂಟು, ಮಾಡಿದ್ದು ಆರು.

ಇನ್ನು ನಮ್ಮ ದೇಶದ ವಿಷಯಕ್ಕೆ ಬರೋಣ. ೧೯೭೪ರ ಮೇ ೧೮ರಂದು ರಾಜಸ್ಥಾನದ ಪೋಖರಣದಲ್ಲಿ ನಡೆದ ಮೊದಲನೆಯ ಸ್ಫೋಟಕ್ಕೆ ಸಾರಥಿಗಳಾಗಿದ್ದವರು ತುಮಕೂರಿನಲ್ಲಿ ಜನಿಸಿದ ಕನ್ನಡಿಗರಾದ ಡಾಕ್ಟರ್ ರಾಜಾ ರಾಮಣ್ಣನವರು. ಅವರು ಆಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರು. ಟ್ರಾಂಬೆಯ ಸೈರಸ್ ರಿಯಾಕ್ಟರಿನಲ್ಲಿ ಹುಟ್ಟಿದ ಸುಮಾರು ಆರು ಕಿಲೋಗ್ರಾಮ್ ಪ್ಲುಟೋನಿಯಮ್ಮು ಅದಕ್ಕೆ ವ್ಯಯವಾಯಿತು. ಸಾಧನವು ಕೆಲಸ ಮಾಡುವುದೇ ಎಂಬ ಒಂದೇ ಪ್ರಶ್ನೆಗೆ 'ಹೌದು' ಎಂಬ ಉತ್ತರ ದೊರೆಯಿತು. ಆದರೆ ಆ ಉತ್ತರದ ಮೇಲೆ ಭಂಡಾರದ ನಿರ್ಣಯವೊಂದೂ ಕಟ್ಟಲ್ಪಡಲಿಲ್ಲ. ಇದು ಶಾಂತಿಯುತ ಸ್ಫೋಟವೆಂದೇ ಸರಕಾರವು ಸಾರಿತ್ತು. ಕೆನಡವು ಸಹಕಾರವನ್ನು ಹಿಂತೆಗೆಯಿತು. ಪರಮಾಣು ಸಾಮಗ್ರಿಯನ್ನು ಮಾರುವ ರಾಷ್ಟ್ರಗಳು ಕೂಟ ಕಟ್ಟಿಕೊಂಡು ನಮಗೆ ಬಾಗಿಲು ಮುಚ್ಚಿದುವು. ಬೆಲೆಯನ್ನು ಪೂರ್ಣವಾಗಿ ತೆತ್ತೆವು. ಕೊಂಡುದನ್ನು ಉಪಯೋಗಿಸಲು ೨೪ ವರ್ಷಗಳು ಬೇಕಾದುವು.

೧೯೯೫ರ ಡಿಸೆಂಬರದಲ್ಲಿ ಪುನಃ ಸಿದ್ಧತೆ ನಡೆದಾಗ ಅಮೆರಿಕದ ಉಪಗ್ರಹಗಳು ಅದನ್ನು ಕಂಡುವು, ಕೆಲಸ ನಿಂತಿತು. ಮರುವರ್ಷ ಜಿನೀವಾದಲ್ಲಿ ಪರೀಕ್ಷಾನಿಷೇಧದ ಒಪ್ಪಂದವು ಚರ್ಚೆಗೆ ಬಂದಾಗ, ಪ್ರಧಾನಿಗಳಾಗಿದ್ದ ಶ್ರೀ ಎಚ್. ಡಿ. ದೇವೇಗೌಡರ ಸರಕಾರವು ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅಂತೂ ೧೯೯೮ರ ಮೇ ೧೧ರಂದು ಮೂರು, ಮೇ ೧೩ರಂದು ಎರಡು, ಹೀಗೆ ಐದು ಸಾಧನಗಳು ಪೋಖರಣದಲ್ಲಿ ಸಿಡಿದುವು. ಸರಕಾರವು ಪ್ರಕಟಿಸಿದಂತೆ ಮೊದಲ ದಿನದವು ೪೫ ಕಿಲೋಟನ್ನಿನ ಜಲಜನಕ ಸಾಧನ, ೧೨ ಕಿಲೋಟನ್ನಿನ ವಿದಳನ ಸಾಧನ, ಮತ್ತು ೦.೨ ಕಿಲೋಟನ್ನಿನ ಚಿಕ್ಕದೊಂದು. ಎರಡನೆಯ ದಿನದವು ೦.೫ ಮತ್ತು ೦.೩ ಕಿಲೋಟನ್. ದೊಡ್ಡವೆರಡರ ಕುಳಿಗಳು ಸುಮಾರು ಒಂದು ಕಿಲೋಮೀಟರು ಅಂತರದಲ್ಲಿದ್ದುದರಿಂದ, ಒಂದರ ಹೊಡೆತಕ್ಕೆ ಇನ್ನೊಂದು ಕೆಡದಿರಲೆಂದು ಅವನ್ನು ಒಂದೇ ಕ್ಷಣದಲ್ಲಿ ಸಿಡಿಸಿದರು. ಖೇತೋಲಾಯಿ ಗ್ರಾಮವು ಸಮೀಪದಲ್ಲಿದ್ದುದರಿಂದ ಶಕ್ತಿಯನ್ನು ಮಿತಿಯಲ್ಲಿಟ್ಟರು. ಚಿಕ್ಕ ಸ್ಫೋಟಗಳು ಮುಂದಿನ ಗಣನೆಗೆ ಅಂಕಿಗಳನ್ನು ಒದಗಿಸಲಿಕ್ಕಾಗಿ. ಆರನೆಯ ಸಾಧನವೊಂದು ಸಿದ್ಧವಿದ್ದರೂ, ಬೇಕಾದುದು ದೊರೆತಿರುವಾಗ ಅದನ್ನು ಸುಡುವುದೇಕೆಂದು ಹಿಂತೆಗೆದರೆಂದು ಆಮೇಲೆ ಪ್ರಕಟವಾದ ವೃತ್ತಾಂತಗಳು ಹೇಳುತ್ತವೆ. ಆ ತಿಂಗಳಲ್ಲಿಯೇ ಪ್ರಧಾನಿ ವಾಜಪೇಯಿಯವರು ಸ್ವಯಂಪ್ರೇರಿತ ವಿರಾಮವನ್ನು ಸಾರಿದರು. ಅಂದಿನಿಂದ ಇಂದಿನವರೆಗೆ ಭಾರತವು ಪರೀಕ್ಷೆ ನಡೆಸಿಲ್ಲ. ಆದರೆ ಭಂಡಾರವು ಬೆಳೆದಿದೆ: ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ೨೦೨೫ರ ಆರಂಭಕ್ಕೆ ಭಾರತದಲ್ಲಿ ಸುಮಾರು ೧೮೦, ಪಾಕಿಸ್ತಾನದಲ್ಲಿ ೧೭೦, ಚೀನದಲ್ಲಿ ೬೦೦ ಅಸ್ತ್ರಗಳಿದ್ದುವು.

ಇಲ್ಲಿ ಒಂದು ಮುಳ್ಳು ಉಳಿದುಕೊಂಡಿದೆ. ೧೯೯೮ರ ಪರೀಕ್ಷೆಗಳಲ್ಲಿ ರಕ್ಷಣಾ ಸಂಶೋಧನಾ ಇಲಾಖೆಯ ಪರವಾಗಿ ಹೊಣೆ ಹೊತ್ತಿದ್ದ ಶ್ರೀ ಕೆ. ಸಂತಾನಮ್‌ರವರು ೨೦೦೯ರ ಆಗಸ್ಟಿನಲ್ಲಿ, ಜಲಜನಕ ಸಾಧನವು ನಿರೀಕ್ಷಿಸಿದಷ್ಟು ಸಿಡಿಯಲಿಲ್ಲವೆಂದು ಬಹಿರಂಗವಾಗಿ ಹೇಳಿದರು. ಪರಮಾಣು ಆಯೋಗದ ಹಿಂದಿನ ಅಧ್ಯಕ್ಷರಾದ ಡಾಕ್ಟರ್ ಪಿ. ಕೆ. ಅಯ್ಯಂಗಾರರೂ ಸಂಶಯಪಟ್ಟರು. ಡಾಕ್ಟರ್ ಆರ್. ಚಿದಂಬರಮ್, ಡಾಕ್ಟರ್ ಅನಿಲ ಕಾಕೋಡ್ಕರ್ ಇವರುಗಳು ಅದನ್ನು ನಿರಾಕರಿಸಿ, ಪ್ರಕಟಿಸಿದ ಅಂಕಿಗಳೇ ಸರಿಯೆಂದರು. ಭೂಮಿಯ ಕಂಪನದಿಂದ ಸ್ಫೋಟದ ಬಲವನ್ನು ಅಳೆಯುವ ವಿದ್ಯೆ ನಮಗೆ ಹೊಸತಲ್ಲ. ನಮ್ಮ ರಾಜ್ಯದ ಗೌರೀಬಿದನೂರಿನಲ್ಲಿ ೧೯೬೦ರ ದಶಕದಲ್ಲಿಯೇ ಬ್ರಿಟಿಷರ ಸಹಕಾರದಿಂದ ಕಂಪನಮಾಪಕಗಳ ಸಾಲೊಂದು ಸ್ಥಾಪಿಸಲ್ಪಟ್ಟು, ದೂರದೇಶಗಳ ಭೂಗರ್ಭ ಸ್ಫೋಟಗಳನ್ನು ಆಲಿಸುತ್ತ ಬಂದಿದೆ. ಆದರೆ ಕಂಪನದಿಂದ ಬಲವನ್ನು ಲೆಕ್ಕಹಾಕುವಾಗ ಅಲ್ಲಿಯ ಬಂಡೆಯ ಗುಣ, ಕುಳಿಯ ಆಳ ಮೊದಲಾದುವುಗಳನ್ನು ಊಹಿಸಬೇಕಾಗುತ್ತದೆ. ಜೊತೆಗೆ ದೊಡ್ಡವೆರಡನ್ನೂ ಒಂದೇ ಕ್ಷಣದಲ್ಲಿ ಸಿಡಿಸಿದುದರಿಂದ ಅವುಗಳ ಕಂಪನವು ಒಂದರಲ್ಲೊಂದು ಬೆರೆತುಹೋಯಿತು. ಕುಳಿಗಳನ್ನು ಕಾಪಾಡಿದ ಕ್ರಮವೇ ಹೊರಗಿನವರ ಅಳತೆಯನ್ನು ಮಬ್ಬುಗೊಳಿಸಿತು. ಕ್ರಮವನ್ನು ಯೋಜಿಸುವವರು ಒಂದು ಲಾಭಕ್ಕಾಗಿ ಇನ್ನೊಂದನ್ನು ತೆರಬೇಕಾಗುವುದೆಂಬುದಕ್ಕೆ ಇದು ನಮ್ಮ ಮನೆಯ ಸಾಕ್ಷಿ.

ಹೀಗಿರಲು, ಪುನಃ ಪರೀಕ್ಷಿಸಬೇಕೆನ್ನುವವರಿಗೆ ನಮ್ಮ ಒರೆಗಲ್ಲನ್ನು ಮುಂದಿಡುತ್ತೇವೆ. ಜಲಜನಕ ಅಸ್ತ್ರವು ನಂಬಿಕೆಗೆ ಯೋಗ್ಯವೆಂದು ತಿಳಿದರೆ ನಾವು ಮಾಡುವುದೇನು? ಅಲ್ಲವೆಂದು ತಿಳಿದರೆ ಮಾಡುವುದೇನು? ೨೦೦೩ರ ಜನವರಿಯಲ್ಲಿ ಸರಕಾರವು ಪ್ರಕಟಿಸಿದ ನೀತಿಯಂತೆ ನಮ್ಮದು ವಿಶ್ವಾಸಾರ್ಹವಾದ ಕನಿಷ್ಠ ಪ್ರತಿರೋಧ. ಮೊದಲು ಪ್ರಯೋಗಿಸುವುದಿಲ್ಲವೆಂಬುದು ನಮ್ಮ ವಚನ. ಹಿರೋಶಿಮಾವನ್ನು ಬೂದಿ ಮಾಡಿದ ಬಾಂಬಿನ ಬಲವು ಸುಮಾರು ೧೫ ಕಿಲೋಟನ್. ನಮ್ಮ ವಿದಳನ ಅಸ್ತ್ರದ ವಿಷಯದಲ್ಲಿ ಸಂತಾನಮ್‌ರವರೂ ಸಂಶಯವೆತ್ತಲಿಲ್ಲ. ಶತ್ರುವನ್ನು ತಡೆಯಲು ಅದು ಸಾಕೆಂದಾದರೆ, ಹೊಸ ಪರೀಕ್ಷೆಯ ಉತ್ತರ ಏನೇ ಬಂದರೂ ಭಂಡಾರದ ನಿರ್ಣಯವು ಬದಲಾಗದು; ಪರೀಕ್ಷೆಯು ವ್ಯರ್ಥ. ಸಾಲದು, ದೊಡ್ಡ ಅಸ್ತ್ರವೇ ಬೇಕು ಎಂದಾದರೆ, ಒಂದು ಸ್ಫೋಟದಿಂದ ಕೆಲಸವಾಗದೆಂದು ಚರಿತ್ರೆ ಹೇಳುತ್ತದೆ. ಅಮೆರಿಕವು ಸಾವಿರಕ್ಕೂ ಮೇಲ್ಪಟ್ಟು, ರಷ್ಯವು ಏಳುನೂರಕ್ಕೂ ಮೇಲ್ಪಟ್ಟು ಪರೀಕ್ಷೆಗಳನ್ನು ನಡೆಸಿವೆ. ಚೀನವು ೪೫ ನಡೆಸಿತು. ಆಗ ಲೆಕ್ಕಹಾಕಬೇಕಾದುದು ಒಂದು ಪರೀಕ್ಷೆಯ ವೆಚ್ಚವನ್ನಲ್ಲ, ಇಡಿಯ ಮಾಲೆಯ ವೆಚ್ಚವನ್ನು. ಮೊದಲನೆಯದು ವಿಫಲವಾದರೆ ಎರಡನೆಯದಕ್ಕೆ ಹೋಗುವೆವೋ, ನಿಲ್ಲಿಸುವೆವೋ? ಇದನ್ನು ಮೊದಲೇ ಬರೆದಿಡದವನು ಪರೀಕ್ಷೆಯನ್ನು ಯೋಜಿಸಿದವನಲ್ಲ, ಜೂಜಿಗೆ ಕುಳಿತವನು.

ಆ ವೆಚ್ಚವಾದರೂ ಅಲ್ಪವಲ್ಲ. ೨೦೦೮ರ ಸೆಪ್ಟೆಂಬರ ೫ರಂದು ವಿದೇಶಾಂಗ ಮಂತ್ರಿಗಳಾಗಿದ್ದ ಪ್ರಣವ ಮುಖರ್ಜಿಯವರು ನಮ್ಮ ವಿರಾಮವನ್ನು ಲೋಕದ ಮುಂದೆ ಪುನರುಚ್ಚರಿಸಿದ ಮರುದಿನವೇ ಪರಮಾಣು ಸಾಮಗ್ರಿಯ ಮಾರಾಟಗಾರರ ಕೂಟವು ೧೯೭೪ರಿಂದ ಮುಚ್ಚಿದ್ದ ಬಾಗಿಲನ್ನು ತೆರೆಯಿತು. ಪರದೇಶದ ಯುರೇನಿಯಮ್ಮು ತನಿಖೆಗೊಳಪಟ್ಟ ನಮ್ಮ ರಿಯಾಕ್ಟರುಗಳಿಗೆ ದೊರೆಯುವುದರಿಂದಲೇ, ತನಿಖೆಯ ಹೊರಗಿರುವ ಕಾರವಾರದ ಕೈಗಾದಂಥ ಸ್ಥಾವರಗಳಿಗೆ ಸ್ವದೇಶದ ಇಂಧನವು ಸಾಕಷ್ಟು ಉಳಿಯುತ್ತದೆ. ಭಾರತವು ಸ್ಫೋಟ ನಡೆಸಿದರೆ ಸಹಕಾರವು ನಿಲ್ಲಬೇಕೆಂದು ಅಮೆರಿಕವು ೨೦೦೬ರಲ್ಲಿಯೇ ಶಾಸನ ಮಾಡಿದೆ. ನಾವು ಪರೀಕ್ಷಿಸಿದರೆ ಪಾಕಿಸ್ತಾನವು ಸುಮ್ಮನಿರದು. ೧೯೯೮ರಲ್ಲಿ ಹದಿನೈದೇ ದಿನಗಳಲ್ಲಿ ಅದು ಉತ್ತರ ಕೊಟ್ಟಿತು. ಹೆಚ್ಚಿನ ಅನುಭವವೂ ಹೆಚ್ಚಿನ ದ್ರವ್ಯವೂ ಉಳ್ಳ ಚೀನವು ಮತ್ತೆ ಪರೀಕ್ಷೆಗಿಳಿದರೆ ಅದರಿಂದ ಅದಕ್ಕೆ ಆಗುವ ಲಾಭವು ನಮಗೆ ಆಗುವುದಕ್ಕಿಂತ ಕಡಿಮೆಯಾಗಿರಲಾರದು.

ಎಂದೆಂದಿಗೂ ಪರೀಕ್ಷೆ ಕೂಡದೆಂದು ಪ್ರತಿಜ್ಞೆ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಇತರರು ವಿರಾಮವನ್ನು ಮುರಿದು ನಮ್ಮ ಭದ್ರತೆಯ ಬುಡವೇ ಅಲುಗಿದರೆ ರಾಷ್ಟ್ರವು ತನ್ನ ಸ್ವಾತಂತ್ರ್ಯವನ್ನು ಉಪಯೋಗಿಸಲೇಬೇಕು. ಒಪ್ಪಂದಕ್ಕೆ ಸಹಿ ಹಾಕದೆ ಉಳಿಸಿಕೊಂಡ ಹಕ್ಕು ಅದಕ್ಕಾಗಿಯೇ ಇದೆ. ನಾವು ಕೇಳುವುದು ಮೂರು ಸಂಗತಿಗಳನ್ನು. ಮೊದಲನೆಯದಾಗಿ, ೧೯೯೮ರ ಅಂಕಿಗಳನ್ನು ಇಲಾಖೆಯ ಹೊರಗಿನ ಯೋಗ್ಯ ವಿಜ್ಞಾನಿಗಳು, ಸಂಶಯಪಟ್ಟವರನ್ನೂ ಒಳಗೊಂಡು, ಗೋಪ್ಯವಾಗಿಯೇ ಆಗಲಿ, ಪರಿಶೀಲಿಸಲಿ. ಸ್ಫೋಟಿಸದೆ ದೊರೆಯಬಹುದಾದ ಉತ್ತರವನ್ನು ಮೊದಲು ಪಡೆಯೋಣ. ಎರಡನೆಯದಾಗಿ, ಯಾವ ಉತ್ತರಕ್ಕೆ ಯಾವ ನಿರ್ಣಯ, ಯಾವ ಹಂತದಲ್ಲಿ ವಿರಾಮ ಎಂಬ ಪಟ್ಟಿಯು ಮುಂಚಿತವಾಗಿ ಸಿದ್ಧವಾಗಿರಲಿ. ಮೂರನೆಯದಾಗಿ, ಆ ಪಟ್ಟಿಯಲ್ಲಿ ಖೇತೋಲಾಯಿಯಂಥ ಗ್ರಾಮಗಳ ಜನರ ಆರೋಗ್ಯಕ್ಕೂ ಮನೆಗೋಡೆಗಳಿಗೂ ಒಂದು ಸಾಲು ಇರಲಿ.

ಕಚೇರಿಗಳಲ್ಲಿ ಕುಳಿತು ಕಡತಗಳನ್ನು ನೋಡುವ ನಮ್ಮ ವಾಚಕರಿಗೆ ಇದು ಅಪರಿಚಿತವಾದ ಮಾತಲ್ಲ. ಹಣದ ಮಂಜೂರಾತಿಗೆ ಬಂದ ಪ್ರತಿಯೊಂದು ಕಾಗದದ ಮೇಲೂ, ಇದರಿಂದ ತೀರ್ಮಾನವಾಗುವುದೇನೆಂದು ಅವರು ಕೇಳುತ್ತಾರೆ. ಒಂದು ಬಾವಿಯನ್ನು ತೋಡುವುದಕ್ಕೆ ಕೇಳುವ ಪ್ರಶ್ನೆಯನ್ನು ಅಣ್ವಸ್ತ್ರದ ಕುಳಿಯನ್ನು ತೋಡುವಾಗ ಕೇಳದಿರುವುದು ದೇಶಭಕ್ತಿಯಾಗಲಾರದು. ಪರೀಕ್ಷಿಸುವುದರಲ್ಲಿ ಶೌರ್ಯವೂ ಇಲ್ಲ, ಪರೀಕ್ಷಿಸದಿರುವುದರಲ್ಲಿ ಹೇಡಿತನವೂ ಇಲ್ಲ. ಬೇಕಾದುದೆಷ್ಟೆಂದು ಅಳೆದು, ಅಷ್ಟನ್ನು ಕಾಪಾಡಿಕೊಂಡು, ಅದಕ್ಕೆ ಮೀರಿದುದಕ್ಕೆ ಕೈಚಾಚದ ರಾಷ್ಟ್ರವೇ ತನ್ನ ಬಲವನ್ನು ನಿಜವಾಗಿ ಬಲ್ಲದು.